ಕಾಲಿಗೆ ನೀರು ಕೊಟ್ಟು ಒಳಗೆ ಕರೆಯುವ ಕ್ರಮ

ಹೊರಗಿನಿಂದ ಬಂದವರನ್ನು ಬರಮಾಡಿಕೊಳ್ಳುವುದಕ್ಕೆ ನಮ್ಮ ನಾಡಿನ ಮನೆಗಳಲ್ಲಿ ಒಂದು ಕ್ರಮವಿದೆ. ದೂರದ ಊರಿನಿಂದ ಬಂದವರಿಗೆ ಮೊದಲು ತಂಬಿಗೆಯಲ್ಲಿ ಕಾಲಿಗೆ ನೀರು ಕೊಡುತ್ತಾರೆ. ಅವರು ಅಂಗಳದಲ್ಲಿ ಕೈಕಾಲು, ಮುಖ ತೊಳೆದುಕೊಂಡ ಮೇಲೆ ಒಳಗೆ ಕರೆದು, ಕುಳ್ಳಿರಿಸಿ, ಬೆಲ್ಲ ನೀರು ಕೊಟ್ಟು ಕ್ಷೇಮಸಮಾಚಾರ ಕೇಳುತ್ತಾರೆ. ದಾರಿಯ ಧೂಳು ಹೊಸ್ತಿಲಿನ ಆಚೆಗೇ ಉಳಿಯುತ್ತದೆ. ಬಂದ ಮನುಷ್ಯ ಹೊಸ್ತಿಲಿನ ಒಳಗೆ ಬರುತ್ತಾನೆ. ಶುಚಿತ್ವವೂ ಸತ್ಕಾರವೂ ಒಂದೇ ತಂಬಿಗೆಯಲ್ಲಿ ನಡೆದುಹೋಗುತ್ತವೆ. ಕಾಲಲ್ಲಿ ಧೂಳಿದೆ ಎಂಬ ಕಾರಣಕ್ಕೆ ಮನೆಯ ಮಗನನ್ನು ಅಂಗಳದಲ್ಲಿಯೇ ಬಿಟ್ಟು ಅಗುಳಿ ಹಾಕಿಕೊಂಡ ಮನೆಯನ್ನು ನಾವು ಕಂಡಿಲ್ಲ.

ಕೊರೊನಾ ಮಹಾಮಾರಿಯ ದಿನಗಳಲ್ಲಿ ಜಗತ್ತಿನ ಅನೇಕ ಸರ್ಕಾರಗಳು ಅಗುಳಿಯನ್ನೇ ಹಾಕಿದವು. ವಿದೇಶಗಳಿಗೆ ದುಡಿಯಲು, ಓದಲು, ಮಕ್ಕಳನ್ನು ಕಾಣಲು ಹೋಗಿದ್ದ ಲಕ್ಷಾಂತರ ಜನರು ತಮ್ಮ ದೇಶದ ಪಾಸ್‌ಪೋರ್ಟ್ ಕೈಯಲ್ಲಿ ಹಿಡಿದೇ ತಮ್ಮ ದೇಶಕ್ಕೆ ಬರಲಾಗದೆ ಉಳಿದರು. ಆ ದಿನಗಳು ಕಳೆದುಹೋದವು. 2023ರ ಮೇ 5ರಂದು ವಿಶ್ವ ಆರೋಗ್ಯ ಸಂಸ್ಥೆಯು ಕೋವಿಡ್‌ನ ಜಾಗತಿಕ ತುರ್ತುಸ್ಥಿತಿ ಮುಗಿಯಿತೆಂದು ಸಾರಿತು. ಜನರೂ ಮರೆಯತೊಡಗಿದರು. ಆದರೆ ಸಾಂಕ್ರಾಮಿಕ ರೋಗಗಳು ಮನುಕುಲಕ್ಕೆ ಹೊಸವಲ್ಲ; ಇನ್ನೊಂದು ಬಾರದಿರುವುದಿಲ್ಲ. ಅದು ಬಂದಾಗ ಹೊರಗಿರುವ ನಮ್ಮವರನ್ನು ಏನು ಮಾಡಬೇಕು ಎಂಬ ಪ್ರಶ್ನೆಗೆ ರೋಗವಿಲ್ಲದ ಈ ನೆಮ್ಮದಿಯ ಕಾಲದಲ್ಲಿಯೇ ಉತ್ತರ ಕಂಡುಕೊಳ್ಳುವುದು ವಿವೇಕ. ಈ ಮಾಸಪತ್ರಿಕೆಯನ್ನು ಓದುವ ಸದ್ಭಕ್ತರ ಮನೆಗಳಲ್ಲಿ ಇಂದು ಮಗನೋ ಮಗಳೋ ಮೊಮ್ಮಕ್ಕಳೋ ಹೊರದೇಶದಲ್ಲಿರುವುದು ಸಾಮಾನ್ಯವಾಗಿದೆ. ಆದ್ದರಿಂದ ಇದು ನಮಗೆ ದೂರದ ವಿಷಯವಲ್ಲ.

ಮೊದಲು ಒಂದು ಮಾತನ್ನು ನ್ಯಾಯವಾಗಿ ಒಪ್ಪಿಕೊಳ್ಳಬೇಕು. ಸರ್ಕಾರಗಳ ಭಯ ನಿರಾಧಾರವಾದುದಾಗಿರಲಿಲ್ಲ. ಈ ರೋಗ ವಿಮಾನದಲ್ಲಿಯೇ ಬಂದಿತು. 2020ರ ಮಾರ್ಚ್ 10ರಂದು ಕಲಬುರಗಿಯ ವೃದ್ಧರೊಬ್ಬರು ತೀರಿಕೊಂಡರು. ಅವರು ಸೌದಿ ಅರೇಬಿಯಾದಿಂದ ಮರಳಿದ್ದರು. ಭಾರತದಲ್ಲಿ ಕೋವಿಡ್‌ನಿಂದ ಸಂಭವಿಸಿದ ಮೊದಲ ಸಾವು ಅದೇ ಎಂದು ದಾಖಲಾಯಿತು. ಇಂತಹ ಸುದ್ದಿ ಕೇಳಿದ ಯಾವ ಊರು ತಾನೇ ಹೊರಗಿನಿಂದ ಬಂದವರನ್ನು ನಿರಾಳವಾಗಿ ನೋಡೀತು? ಊರನ್ನು ಕಾಯುವುದು ಆಳುವವರ ಕರ್ತವ್ಯ. ಅದಕ್ಕಾಗಿ ಪ್ರಯಾಣಕ್ಕೆ ಕಟ್ಟುಪಾಡು ವಿಧಿಸುವ ಅಧಿಕಾರವೂ ಅವರಿಗಿದೆ. ನಮ್ಮ ಪ್ರಶ್ನೆ ಆ ಅಧಿಕಾರದ ಬಗೆಗಲ್ಲ, ಅದರ ಮಿತಿಯ ಬಗೆಗೆ.

ಭಾರತದ ಉದಾಹರಣೆಯನ್ನೇ ನೋಡೋಣ. ಇಲ್ಲಿ ಒಳ್ಳೆಯದೂ ಇದೆ, ಕೆಟ್ಟದ್ದೂ ಇದೆ. ಚೀನಾದ ವೂಹಾನ್ ನಗರದಲ್ಲಿ ರೋಗ ಉಲ್ಬಣಿಸಿದಾಗ ನಮ್ಮ ಸರ್ಕಾರ 2020ರ ಫೆಬ್ರವರಿ 1 ಮತ್ತು 2ರಂದು ಏರ್ ಇಂಡಿಯಾದ ಎರಡು ವಿಮಾನಗಳಲ್ಲಿ 647 ಭಾರತೀಯರನ್ನೂ ಮಾಲ್ಡೀವ್ಸ್‌ನ 7 ಮಂದಿಯನ್ನೂ ಕರೆತಂದಿತು. ರೋಗದ ಮೂಲಸ್ಥಾನದಿಂದಲೇ ಬಂದವರು ಅವರು. ಆದರೂ ಅವರಿಗೆ ಬಾಗಿಲು ಮುಚ್ಚಲಿಲ್ಲ. ಹರಿಯಾಣದ ಮಾನೇಸರದಲ್ಲಿಯೂ ದೆಹಲಿಯ ಛಾವ್ಲಾದಲ್ಲಿಯೂ ಶಿಬಿರಗಳನ್ನು ಸಜ್ಜುಗೊಳಿಸಿ, ಪ್ರತ್ಯೇಕವಾಗಿರಿಸಿ, ಪರೀಕ್ಷಿಸಿ, ಸೋಂಕಿಲ್ಲವೆಂದು ಖಚಿತವಾದ ಮೇಲೆ ಮನೆಗಳಿಗೆ ಕಳುಹಿಸಲಾಯಿತು. ನಮ್ಮ ಅಜ್ಜಿಯರು ಹೊಸ್ತಿಲಲ್ಲಿ ಮಾಡಿದ್ದನ್ನೇ ಸರ್ಕಾರ ದೊಡ್ಡ ಪ್ರಮಾಣದಲ್ಲಿ ಮಾಡಿತು.

ಒಂದೂವರೆ ತಿಂಗಳ ತರುವಾಯ ಚಿತ್ರ ಬದಲಾಯಿತು. ಮಾರ್ಚ್ 17ರಂದು ಫಿಲಿಪ್ಪೀನ್ಸ್, ಮಲೇಷ್ಯಾ ಮತ್ತು ಅಫ್ಘಾನಿಸ್ತಾನಗಳಿಂದ ಬರುವವರನ್ನು ತತ್‌ಕ್ಷಣದಿಂದಲೇ ತಡೆಯಲಾಯಿತು. ಫಿಲಿಪ್ಪೀನ್ಸ್‌ನಲ್ಲಿ ವೈದ್ಯಕೀಯ ಓದುತ್ತಿದ್ದ ನಮ್ಮ ವಿದ್ಯಾರ್ಥಿಗಳು ಆ ಹೊತ್ತಿಗೆ ಮನೆಯ ಹಾದಿಯಲ್ಲಿದ್ದರು. ಕೌಲಾಲಂಪುರದ ವಿಮಾನ ನಿಲ್ದಾಣದಲ್ಲಿ ಹಿಂದಕ್ಕೂ ಹೋಗಲಾರದೆ ಮುಂದಕ್ಕೂ ಬರಲಾರದೆ ಉಳಿದರು. ವಿಶೇಷ ವಿಮಾನಗಳನ್ನು ಕಳುಹಿಸಿ ಅವರನ್ನು ಕರೆತರಬೇಕಾಯಿತು. ಮಾರ್ಚ್ 22ರಿಂದ ಎಲ್ಲ ಅಂತರರಾಷ್ಟ್ರೀಯ ಪ್ರಯಾಣಿಕ ವಿಮಾನಗಳೂ ನಿಂತವು. ಒಂದು ವಾರಕ್ಕೆಂದು ಹೇಳಿದ ಆ ತಡೆ ಮತ್ತೆ ಮತ್ತೆ ಮುಂದುವರಿದು, ನಿಗದಿತ ವಿಮಾನ ಸಂಚಾರ ಪೂರ್ಣವಾಗಿ ಮರಳಿದ್ದು 2022ರ ಮಾರ್ಚ್ 27ರಂದು.

ಹೊರಗುಳಿದವರನ್ನು ಕರೆತರುವ 'ವಂದೇ ಭಾರತ್' ಕಾರ್ಯಾಚರಣೆ ಆರಂಭವಾದದ್ದು 2020ರ ಮೇ 7ರಂದು. ನಡುವಿನ ಆರೂವರೆ ವಾರಗಳು ಓದುವವರಿಗೆ ಚಿಕ್ಕವಾಗಿ ಕಾಣಬಹುದು; ಕಳೆದವರಿಗೆ ಅವು ಚಿಕ್ಕವಾಗಿರಲಿಲ್ಲ. ಇದು ಆರೋಗ್ಯದ ಅಂಕಣವಾದುದರಿಂದ ಆ ವಾರಗಳು ದೇಹಕ್ಕೂ ಮನಸ್ಸಿಗೂ ಏನು ಮಾಡಿದವು ಎಂಬುದನ್ನು ಸ್ವಲ್ಪ ವಿವರವಾಗಿ ನೋಡಬೇಕು.

ಮಗಳ ಬಾಣಂತನಕ್ಕೆಂದು ಹೋದ ತಾಯಿಯರು ಸಾಮಾನ್ಯವಾಗಿ ಲೆಕ್ಕ ಹಾಕಿ ಮಾತ್ರೆ ಒಯ್ಯುತ್ತಾರೆ. ಸಕ್ಕರೆ ಕಾಯಿಲೆಯ, ರಕ್ತದೊತ್ತಡದ, ಥೈರಾಯ್ಡ್‌ನ ಮಾತ್ರೆಗಳು ಮುಗಿದಾಗ ಅಲ್ಲಿಯ ಅಂಗಡಿಗಳಲ್ಲಿ ನಮ್ಮ ವೈದ್ಯರ ಚೀಟಿ ನಡೆಯುವುದಿಲ್ಲ. ಹೊಸದಾಗಿ ವೈದ್ಯರನ್ನು ಕಾಣಬೇಕೆಂದರೆ ಪ್ರವಾಸಿ ವಿಮೆಯ ಅವಧಿ ತೀರಿರುತ್ತದೆ. ಮಾತ್ರೆ ಉಳಿಸಲು ದಿನ ಬಿಟ್ಟು ದಿನ ನುಂಗುವುದು, ಎರಡು ಹೋಳು ಮಾಡಿ ನುಂಗುವುದು ಎಷ್ಟು ಅಪಾಯಕಾರಿ ಎಂಬುದನ್ನು ಈ ಪುಟಗಳಲ್ಲಿ ವಿವರಿಸಬೇಕಾಗಿಲ್ಲ. ಗರ್ಭಿಣಿಯರದು ಇನ್ನೊಂದು ಸಂಕಟ. ತಿಂಗಳು ತುಂಬುತ್ತ ಬಂದ ಹಾಗೆ ವಿಮಾನದವರು ಹತ್ತಿಸಿಕೊಳ್ಳುವುದಿಲ್ಲ. ಆದ್ದರಿಂದ ಅವರ ಪಾಲಿಗೆ ನಾಲ್ಕು ವಾರದ ತಡವೆಂದರೆ ಆರು ತಿಂಗಳ ತಡ. ಕೊಲ್ಲಿ ರಾಷ್ಟ್ರಗಳಲ್ಲಿ ಕೆಲಸ ಕಳೆದುಕೊಂಡ ಕಾರ್ಮಿಕರು ಒಂದೇ ಕೋಣೆಯಲ್ಲಿ ಹತ್ತಾರು ಜನ ಮಲಗುವ ಶಿಬಿರಗಳಲ್ಲಿ ಉಳಿದರು. ಅಂತರ ಕಾಯ್ದುಕೊಳ್ಳಿರೆಂದು ಜಗತ್ತೆಲ್ಲ ಹೇಳುತ್ತಿದ್ದಾಗ ಅಂತರವೇ ಇಲ್ಲದ ಜಾಗದಲ್ಲಿ ಅವರನ್ನು ಬಿಟ್ಟಂತಾಯಿತು.

ಎಲ್ಲಕ್ಕಿಂತ ಹೆಚ್ಚಾಗಿ ಜನರನ್ನು ಹಣ್ಣು ಮಾಡಿದ್ದು ಅನಿಶ್ಚಯ. ಇಂಥ ದಿನ ಹೋಗಬಹುದು ಎಂದು ತಿಳಿದಿದ್ದರೆ ಮನುಷ್ಯ ಕಷ್ಟವನ್ನು ತಾಳುತ್ತಾನೆ. ದಿನಾಂಕವೇ ಇಲ್ಲದ ಕಾಯುವಿಕೆ ನಿದ್ರೆಯನ್ನೂ ಹಸಿವನ್ನೂ ಕಿತ್ತುಕೊಳ್ಳುತ್ತದೆ. ಇಲ್ಲಿ ತಂದೆಗೆ ಉಸಿರು ಹತ್ತಿದ್ದಾಗ ಅಲ್ಲಿ ಮಗ ಫೋನಿನ ಪರದೆಯಲ್ಲಿ ಮುಖ ನೋಡಿದ. ಮಣ್ಣು ಕೊಡುವುದನ್ನೂ ಅದೇ ಪರದೆಯಲ್ಲಿ ನೋಡಿದ. ಆ ನೋವು ಯಾವ ಆಸ್ಪತ್ರೆಯ ದಾಖಲೆಯಲ್ಲಿಯೂ ಸೇರಲಿಲ್ಲ. ಆದರೆ ಅದೂ ಮಹಾಮಾರಿ ಕೊಟ್ಟ ಕಾಯಿಲೆಯೇ.

ಹಾಗಾದರೆ ವೈದ್ಯಶಾಸ್ತ್ರ ಏನು ಹೇಳುತ್ತದೆ? ಕೊರೊನಾ ಸೋಂಕು ತಗುಲಿದ ಸರಾಸರಿ ಐದಾರು ದಿನಗಳಲ್ಲಿ ಲಕ್ಷಣಗಳು ಕಾಣಿಸಿಕೊಳ್ಳುತ್ತಿದ್ದವು. ಹದಿನಾಲ್ಕು ದಿನಗಳೊಳಗೆ ಬಹುತೇಕ ಎಲ್ಲರಲ್ಲಿಯೂ ತಿಳಿದುಬರುತ್ತಿತ್ತು. ಹದಿನಾಲ್ಕು ದಿನಗಳ ಕ್ವಾರಂಟೈನ್ ಎಂಬ ಲೆಕ್ಕ ಹುಟ್ಟಿದ್ದು ಹೀಗೆ. ಕ್ವಾರಂಟೈನ್ ಎಂಬ ಮಾತು ಇಟಲಿಯ ಕಡೆಯ ನಲವತ್ತು ಎಂಬ ಪದದಿಂದ ಬಂದುದು. ಪ್ಲೇಗಿನ ಕಾಲದಲ್ಲಿ ವೆನಿಸ್ ನಗರದವರು ಹೊರಗಿನಿಂದ ಬಂದ ಹಡಗುಗಳನ್ನು ನಲವತ್ತು ದಿನ ಕಾಯಿಸಿ ಒಳಗೆ ಬಿಡುತ್ತಿದ್ದರು. ಕಾಯಿಸಿದರೂ ಕೊನೆಗೆ ಒಳಗೆ ಬಿಡುತ್ತಿದ್ದರು ಎಂಬುದನ್ನು ಗಮನಿಸಬೇಕು. ನಮ್ಮಲ್ಲಿಯೂ 1898ರ ಹೊತ್ತಿಗೆ ಪ್ಲೇಗು ಬಂದಾಗ ಜನರು ಊರು ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡು ಗಾಳಿಬೆಳಕಿನಲ್ಲಿ ಬದುಕಿದರು. ರೋಗ ತಗ್ಗಿದ ಮೇಲೆ ತಮ್ಮ ತಮ್ಮ ಮನೆಗಳಿಗೆ ಮರಳಿದರು. ಪ್ರತ್ಯೇಕವಾಸ ಹಳೆಯ ಔಷಧ, ಒಳ್ಳೆಯ ಔಷಧ. ಅದಕ್ಕೊಂದು ಆರಂಭವಿದೆ, ಅಂತ್ಯವಿದೆ. ಬಹಿಷ್ಕಾರಕ್ಕೆ ಅಂತ್ಯವಿಲ್ಲ. ಇವೆರಡನ್ನೂ ಒಂದೇ ಎಂದು ಭಾವಿಸಿದಲ್ಲಿಯೇ ತಪ್ಪು ಆರಂಭವಾಗುತ್ತದೆ.

ಗಡಿ ಮುಚ್ಚಿದರೆ ರೋಗ ತಡವಾಗಿ ಬರುತ್ತದೆ. ಬಾರದೆ ಇರುವುದು ಬಹಳ ಅಪರೂಪ. ಡೆಲ್ಟಾ ಬಂದಿತು, ಓಮಿಕ್ರಾನ್ ಬಂದಿತು. ಮುಚ್ಚಿದ ಬಾಗಿಲುಗಳ ದೇಶಗಳಿಗೂ ಅವು ಹೋದವು. ಆದ್ದರಿಂದ ಗಡಿ ಮುಚ್ಚುವುದರಿಂದ ದೊರೆಯುವುದು ಸಮಯ ಮಾತ್ರ. ಆ ಸಮಯದಲ್ಲಿ ಪ್ರತ್ಯೇಕವಾಸದ ಕೊಠಡಿಗಳನ್ನು ಕಟ್ಟಿದರೆ, ಪರೀಕ್ಷೆಯ ವ್ಯವಸ್ಥೆ ಮಾಡಿದರೆ, ದಾದಿಯರನ್ನು ತರಬೇತಿಗೊಳಿಸಿದರೆ ಮುಚ್ಚಿದ್ದು ಸಾರ್ಥಕ. ಏನೂ ಮಾಡದೆ ಮುಚ್ಚಿದ ಬಾಗಿಲನ್ನು ಮುಚ್ಚಿಯೇ ಇಟ್ಟರೆ ಅದರ ಬೆಲೆಯನ್ನು ಹೊರಗಿರುವವರು ತೆರುತ್ತಾರೆ.

ಇದನ್ನು ಅತ್ಯಂತ ಸ್ಪಷ್ಟವಾಗಿ ತೋರಿಸುವುದು ಆಸ್ಟ್ರೇಲಿಯಾದ ಪ್ರಸಂಗ. ಅದಕ್ಕೆ ನಮ್ಮ ದೇಶದೊಂದಿಗೂ ನಮ್ಮ ಬೆಂಗಳೂರಿನೊಂದಿಗೂ ಸಂಬಂಧವಿದೆ. ಆ ದೇಶ 2020ರ ಮಾರ್ಚ್ ಕೊನೆಯಿಂದಲೇ ಮರಳಿ ಬಂದ ತನ್ನ ಪ್ರಜೆಗಳನ್ನು ಹದಿನಾಲ್ಕು ದಿನ ಹೋಟೆಲುಗಳಲ್ಲಿ ಇರಿಸತೊಡಗಿತು. ಮೆಲ್ಬರ್ನ್ ನಗರದ ಹೋಟೆಲುಗಳಿಂದ ಸೋಂಕು ಹೊರಗೆ ನುಸುಳಿ ಎರಡನೆಯ ಅಲೆ ಎದ್ದು ಏಳುನೂರಕ್ಕೂ ಹೆಚ್ಚು ಜನರು ಸತ್ತರು. ಪ್ರವಾಸಿಗರಿಗೆಂದು ಕಟ್ಟಿದ ಹೋಟೆಲು ರೋಗ ತಡೆಯುವ ಮನೆಯಾಗಲಾರದೆಂಬುದು ಅದರ ಪಾಠವಾಗಿತ್ತು. ಆದರೆ ಸೂಕ್ತವಾದ ಕೇಂದ್ರಗಳನ್ನು ಬೇಗನೆ ಕಟ್ಟುವುದರ ಬದಲಿಗೆ ಒಳಗೆ ಬರುವವರ ಸಂಖ್ಯೆಗೇ ಮಿತಿ ಹಾಕಲಾಯಿತು. ಸಾವಿರಾರು ಆಸ್ಟ್ರೇಲಿಯನ್ನರು ತಿಂಗಳುಗಟ್ಟಲೆ ಹೊರಗುಳಿದರು. ವಿಮಾನದಲ್ಲಿ ಕೆಲವೇ ಆಸನಗಳಿದ್ದಾಗ ದುಬಾರಿ ದರ್ಜೆಯ ಟಿಕೆಟ್ ಕೊಳ್ಳಬಲ್ಲವರು ಮುಂದೆ ಹೋಗುತ್ತಾರೆ, ಉಳಿದವರ ಟಿಕೆಟ್ ರದ್ದಾಗುತ್ತದೆ ಎಂಬ ದೂರು ವ್ಯಾಪಕವಾಗಿತ್ತು.

2021ರ ಏಪ್ರಿಲ್‌ನಲ್ಲಿ ಭಾರತದಲ್ಲಿ ಎರಡನೆಯ ಅಲೆ ಭೀಕರವಾಯಿತು. ಆಮ್ಲಜನಕಕ್ಕಾಗಿ, ಹಾಸಿಗೆಗಾಗಿ ನಮ್ಮ ಜನ ಪರದಾಡಿದ ಆ ದಿನಗಳನ್ನು ಯಾರೂ ಮರೆಯಲಾರರು. ಆಗ ಸುಮಾರು 9,000 ಮಂದಿ ಆಸ್ಟ್ರೇಲಿಯಾದ ಪ್ರಜೆಗಳು ಮತ್ತು ಕಾಯಂ ನಿವಾಸಿಗಳು ಭಾರತದಿಂದ ಮರಳಲು ಹೆಸರು ನೋಂದಾಯಿಸಿದ್ದರು. ಅವರಲ್ಲಿ ಬಹುಮಂದಿ ಭಾರತೀಯ ಮೂಲದವರೇ. ಅವರ ಸರ್ಕಾರ ಮೇ 3ರಿಂದ 15ರ ವರೆಗೆ, ಹಿಂದಿನ ಹದಿನಾಲ್ಕು ದಿನ ಭಾರತದಲ್ಲಿದ್ದವರು ಆಸ್ಟ್ರೇಲಿಯಾಕ್ಕೆ ಕಾಲಿಟ್ಟರೆ ಅದು ಅಪರಾಧ ಎಂದು ಆಜ್ಞೆ ಹೊರಡಿಸಿತು. ಶಿಕ್ಷೆ ಐದು ವರ್ಷದ ವರೆಗೆ ಸೆರೆಮನೆ ಅಥವಾ 66,600 ಡಾಲರ್ ವರೆಗೆ ದಂಡ. ಕಾಯಿಲೆಯ ಊರಿನಿಂದ ಪಾರಾಗಿ ತನ್ನ ಮನೆಗೆ ಹೋಗುವುದೇ ಅಪರಾಧವಾಯಿತು. ಬೆಂಗಳೂರಿನಲ್ಲಿ ಸಿಲುಕಿದ್ದ, ಎಪ್ಪತ್ತು ದಾಟಿದ ಆಸ್ಟ್ರೇಲಿಯಾದ ಪ್ರಜೆಯೊಬ್ಬರು ಇದನ್ನು ಅಲ್ಲಿಯ ಫೆಡರಲ್ ನ್ಯಾಯಾಲಯದಲ್ಲಿ ಪ್ರಶ್ನಿಸಿದರು. ಕಾನೂನು ಸಚಿವರಿಗೆ ಆ ಅಧಿಕಾರ ಕೊಟ್ಟಿದೆ ಎಂದು ನ್ಯಾಯಾಲಯ ಮೇ 10ರಂದು ಅವರ ವಾದವನ್ನು ತಳ್ಳಿಹಾಕಿತು.

ಕಾನೂನಿಗೆ ಸರಿಹೊಂದಿದ್ದೆಲ್ಲವೂ ಧರ್ಮಕ್ಕೆ ಸರಿಹೊಂದುವುದಿಲ್ಲ. ಆರೋಗ್ಯಶಾಸ್ತ್ರಕ್ಕೂ ಅದು ಸರಿಹೊಂದಲಿಲ್ಲ ಎಂಬುದು ನಮ್ಮ ಅಭಿಪ್ರಾಯ. ಏಕೆಂದರೆ ಆ ದೇಶದ ಉತ್ತರಭಾಗದ ಡಾರ್ವಿನ್ ನಗರದ ಬಳಿ ಹೋವರ್ಡ್ ಸ್ಪ್ರಿಂಗ್ಸ್ ಎಂಬಲ್ಲಿ ಹಿಂದೆ ಕಾರ್ಮಿಕರಿಗಾಗಿ ಕಟ್ಟಿದ್ದ ವಸತಿಗಳು ಅದಾಗಲೇ ಪ್ರತ್ಯೇಕವಾಸ ಕೇಂದ್ರವಾಗಿದ್ದವು. ಬಯಲುಗಾಳಿ ಆಡುವ ಬಿಡಿ ಬಿಡಿ ವಸತಿಗಳವು. ದಾರಿ ಅವರ ಮನೆಯಲ್ಲಿಯೇ ಇತ್ತು. ಅದನ್ನು ವಿಸ್ತರಿಸುವ ಕೆಲಸ ತಡವಾಯಿತು. ಮೇ 15ರಂದು ಮೊದಲ ವಿಮಾನ ದೆಹಲಿಯಿಂದ ಅದೇ ಡಾರ್ವಿನ್‌ಗೆ ಹೋಯಿತು. 150 ಮಂದಿಗೆ ಆಸನಗಳಿದ್ದರೂ ಹತ್ತಿದವರು ಸುಮಾರು 80 ಮಂದಿ. ಉಳಿದವರಿಗೆ ಸೋಂಕು ಕಂಡುಬಂದಿತ್ತು, ಇಲ್ಲವೆ ಸೋಂಕಿತರ ಒಡನಾಟವಿತ್ತು. ಕಾಯಿಸಿದ ಆ ದಿನಗಳಲ್ಲಿ ಸೋಂಕು ತಗುಲುವ ಸಂಭವ ಹೆಚ್ಚಿತೇ ಹೊರತು ಕಡಿಮೆಯಾಗಲಿಲ್ಲ.

ನ್ಯೂಜಿಲೆಂಡ್ ಇನ್ನೊಂದು ಬಗೆಯಲ್ಲಿ ಎಡವಿತು. ಅಲ್ಲಿ ಪ್ರತ್ಯೇಕವಾಸದ ಕೊಠಡಿ ಸಿಕ್ಕರೆ ಮಾತ್ರ ದೇಶ ಪ್ರವೇಶ. 2021ರ ಸೆಪ್ಟೆಂಬರ್‌ನಿಂದ ಕೊಠಡಿಗಳನ್ನು ಗಣಕಯಂತ್ರದ ಲಾಟರಿಯಲ್ಲಿ ಹಂಚಿದರು. ಮೊದಲ ಬಾರಿಗೆ ಸುಮಾರು 3,000 ಕೊಠಡಿಗಳಿಗೆ 30,000ಕ್ಕೂ ಹೆಚ್ಚು ಜನರು ಸಾಲಿನಲ್ಲಿದ್ದರು. ಸಾಯುತ್ತಿರುವ ತಾಯಿಯನ್ನು ನೋಡಲು ಹೊರಟವರೂ ರಜೆ ಕಳೆಯಲು ಹೊರಟವರೂ ಅದೇ ಲಾಟರಿಯ ಗಡಿಗೆಯಲ್ಲಿ. ತುರ್ತಿನವರಿಗೆ ಬೇರೆ ದಾರಿಯಿದ್ದರೂ ಅದು ಬಹಳ ಇಕ್ಕಟ್ಟಾಗಿತ್ತು. ಹೊರಗುಳಿದವರು ನ್ಯಾಯಾಲಯಕ್ಕೆ ಹೋದರು. 2022ರ ಏಪ್ರಿಲ್‌ನಲ್ಲಿ ಅಲ್ಲಿಯ ಹೈಕೋರ್ಟ್ ಕೊಟ್ಟ ತೀರ್ಪು ವಿವೇಕದ್ದು. ಮರಳಿ ಬಂದವರನ್ನು ಪ್ರತ್ಯೇಕವಾಗಿರಿಸುವುದು ನ್ಯಾಯವೇ; ಆದರೆ ಒಬ್ಬೊಬ್ಬರ ಅಗತ್ಯವನ್ನು ತೂಗಿ ನೋಡದ ಆ ಹಂಚಿಕೆಯ ಕ್ರಮ 2021ರ ಕೊನೆಯ ತಿಂಗಳುಗಳಲ್ಲಿ ಕೆಲವು ಪ್ರಜೆಗಳ ಮರಳುವ ಹಕ್ಕನ್ನು ಅಗತ್ಯಕ್ಕಿಂತ ಹೆಚ್ಚು ಮೊಟಕುಗೊಳಿಸಿತು ಎಂಬುದು ಅದರ ಸಾರ. ತಂಬಿಗೆಯ ನೀರು ಸರಿ, ಅಗುಳಿ ತಪ್ಪು ಎಂದು ನಾವು ಆರಂಭದಲ್ಲಿ ಹೇಳಿದ್ದನ್ನೇ ನ್ಯಾಯಮೂರ್ತಿಗಳು ಕಾನೂನಿನ ಮಾತಿನಲ್ಲಿ ಹೇಳಿದರು. ತನ್ನ ದೇಶಕ್ಕೆ ಮರಳುವ ಹಕ್ಕನ್ನು 1948ರ ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆಯ 13ನೇ ವಿಧಿಯೂ ಸಾರಿದೆ ಎಂಬುದನ್ನು ಇಲ್ಲಿ ನೆನೆಯಬಹುದು.

ಪರದೇಶದ ತಪ್ಪುಗಳನ್ನು ಎಣಿಸಿ ನಾವು ಸುಮ್ಮನಾದರೆ ಅದು ಪ್ರಾಮಾಣಿಕತೆಯಾಗದು. ನಮ್ಮ ಹೊಸ್ತಿಲಿನಲ್ಲಿಯೂ ಇದೇ ನಡೆಯಿತು. 2020ರ ಮಾರ್ಚ್ ಕೊನೆಯಲ್ಲಿ ಕಾಸರಗೋಡಿನ ರಸ್ತೆಗಳಿಗೆ ಕರ್ನಾಟಕದ ಗಡಿಯಲ್ಲಿ ಮಣ್ಣು ಸುರಿಯಲಾಯಿತು. ತಲೆಮಾರುಗಳಿಂದ ಮಂಗಳೂರಿನ ಆಸ್ಪತ್ರೆಗಳನ್ನೇ ನೆಚ್ಚಿದ್ದ ರೋಗಿಗಳು ತಲಪಾಡಿಯಲ್ಲಿ ತಡೆಯಲ್ಪಟ್ಟರು, ಚಿಕಿತ್ಸೆ ದೊರೆಯದೆ ಪ್ರಾಣಬಿಟ್ಟವರೂ ಇದ್ದರು. ಮೇ 18ರಂದು ಮಹಾರಾಷ್ಟ್ರ, ಗುಜರಾತ್, ತಮಿಳುನಾಡು, ಕೇರಳಗಳಿಂದ ಬರುವವರಿಗೆ ತಿಂಗಳ ಕೊನೆಯ ವರೆಗೆ ಪ್ರವೇಶವಿಲ್ಲವೆಂದು ನಮ್ಮ ರಾಜ್ಯ ಸಾರಿತು. ಮುಂಬಯಿಗೆ ದುಡಿಯಲು ಹೋಗಿದ್ದ ನಮ್ಮ ಕಲಬುರಗಿ, ಯಾದಗಿರಿಯ ಜನರೂ ಆ ಮಾತಿನಲ್ಲಿ ಸೇರಿದ್ದರು. ವಿದೇಶದಿಂದ ಬಂದವರ ಕೈಗೆ ಮಾಸದ ಮಸಿಯ ಮುದ್ರೆ ಬಿತ್ತು, ಮನೆಯ ಗೋಡೆಗೆ ಚೀಟಿ ಬಿತ್ತು. ಎಚ್ಚರಿಕೆಗೆಂದು ಮಾಡಿದ ಗುರುತು ಅನೇಕ ಊರುಗಳಲ್ಲಿ ಅವಮಾನದ ಗುರುತಾಯಿತು. ಹಾಲು ಹಾಕುವವರು ಬರಲಿಲ್ಲ, ನೆರೆಯವರು ಕಿಟಕಿ ಮುಚ್ಚಿಕೊಂಡರು. ಇದರಿಂದ ಆರೋಗ್ಯಕ್ಕೂ ಹಾನಿಯೇ ಆಯಿತು. ಅವಮಾನಕ್ಕೆ ಅಂಜಿದವನು ಜ್ವರವನ್ನು ಮುಚ್ಚಿಡುತ್ತಾನೆ. ಮುಚ್ಚಿಟ್ಟ ಜ್ವರ ಊರಿಗೆ ಹರಡುತ್ತದೆ.

ಇದಕ್ಕೆ ವಿರುದ್ಧವಾದ ಒಂದು ಚಿತ್ರವೂ ಇದೆ. 2020ರ ಆಗಸ್ಟ್ 7ರ ಮಳೆಯ ಸಂಜೆ ದುಬೈನಿಂದ ವಂದೇ ಭಾರತ್ ಕಾರ್ಯಾಚರಣೆಯಡಿ ಬಂದ ವಿಮಾನ ಕೋಳಿಕ್ಕೋಡಿನಲ್ಲಿ ಇಳಿಯುವಾಗ ಓಡುದಾರಿ ದಾಟಿ ಕೆಳಗುರುಳಿತು. ಮನೆ ತಲುಪಲು ತಿಂಗಳುಗಟ್ಟಲೆ ಕಾದಿದ್ದವರೂ ಅದರಲ್ಲಿದ್ದರು. 21 ಮಂದಿ ತೀರಿಕೊಂಡರು. ಸುತ್ತಲಿನ ಹಳ್ಳಿಗಳ ಜನ, ತಮ್ಮಲ್ಲಿಯೇ ಸೋಂಕಿನ ಕಟ್ಟುಪಾಡುಗಳಿದ್ದರೂ, ಕತ್ತಲಲ್ಲಿ ಓಡಿಬಂದು ಗಾಯಾಳುಗಳನ್ನು ತೋಳುಗಳಲ್ಲಿ ಎತ್ತಿ ತಮ್ಮ ವಾಹನಗಳಲ್ಲಿ ಆಸ್ಪತ್ರೆಗೆ ಒಯ್ದರು. ರಕ್ತ ಕೊಡಲು ರಾತ್ರಿಯೇ ಸಾಲು ನಿಂತರು. ಆನಂತರ ಅವರೇ ಕ್ವಾರಂಟೈನ್‌ಗೆ ಹೋದರು. ಮೊದಲು ಎತ್ತಿಕೊಳ್ಳುವುದು, ಆಮೇಲೆ ಎಚ್ಚರಿಕೆ ವಹಿಸುವುದು. ದಯೆಗೂ ಆರೋಗ್ಯಕ್ಕೂ ಜಗಳವಿಲ್ಲವೆಂಬುದನ್ನು ಆ ಹಳ್ಳಿಗರು ಯಾರ ಉಪದೇಶವೂ ಇಲ್ಲದೆ ತೋರಿಸಿದರು.

ಒಳಗಿರುವ ಕೋಟಿ ಜನರ ಜೀವ ಮುಖ್ಯವೋ ಹೊರಗಿರುವ ಕೆಲವರ ಅನುಕೂಲ ಮುಖ್ಯವೋ ಎಂದು ಕೆಲವರು ಕೇಳುವುದುಂಟು. ಈ ಪ್ರಶ್ನೆಯೇ ತಪ್ಪು. ಹೊರಗಿರುವವನು ಕೇಳುತ್ತಿರುವುದು ಅನುಕೂಲವನ್ನಲ್ಲ. ಹದಿನಾಲ್ಕು ದಿನ ಒಂಟಿಯಾಗಿರುತ್ತೇನೆ, ಪರೀಕ್ಷೆಗೆ ಒಡ್ಡಿಕೊಳ್ಳುತ್ತೇನೆ, ಆದರೆ ನನ್ನ ನೆಲದಲ್ಲಿರುತ್ತೇನೆ ಎಂದಷ್ಟೇ ಅವನು ಕೇಳುತ್ತಾನೆ. ಕೊಠಡಿಗಳು ಸಾಲದಿದ್ದರೆ ಸರದಿ ಇರಲಿ, ಸರದಿಗೆ ದಿನಾಂಕವಿರಲಿ. ಆ ಸರದಿಯನ್ನು ಹಣವೂ ಅದೃಷ್ಟವೂ ನಿರ್ಧರಿಸದೆ ಅಗತ್ಯ ನಿರ್ಧರಿಸಲಿ. ವಂದೇ ಭಾರತ್ ವಿಮಾನಗಳಲ್ಲಿ ಗರ್ಭಿಣಿಯರಿಗೆ, ರೋಗಿಗಳಿಗೆ, ವೃದ್ಧರಿಗೆ, ಕೆಲಸ ಕಳೆದುಕೊಂಡವರಿಗೆ, ಮನೆಯಲ್ಲಿ ಸಾವಾದವರಿಗೆ ಆದ್ಯತೆ ಕೊಟ್ಟದ್ದು ಸರಿಯಾದ ಕ್ರಮ. ಆದರೆ ಪ್ರಯಾಣದ ಖರ್ಚನ್ನು ಪ್ರಯಾಣಿಕರೇ ಭರಿಸಬೇಕಾಗಿತ್ತು. ಕೂಲಿ ಕಳೆದುಕೊಂಡವನಿಗೆ ಅದೂ ಒಂದು ಮುಚ್ಚಿದ ಬಾಗಿಲೇ. ಮುಂದಿನ ಸಲ ಅದನ್ನು ತಿದ್ದಬೇಕು. ಪ್ರತಿ ಜಿಲ್ಲೆಯಲ್ಲಿ ಗಾಳಿಬೆಳಕಿರುವ ವಸತಿಗೃಹಗಳನ್ನು ಮೊದಲೇ ಗುರುತಿಸಿಡಬೇಕು. ವಿಮಾನ ನಿಲ್ಲಿಸುವ ಮುನ್ನ, ದಾರಿಯಲ್ಲಿರುವವರು ಮನೆ ಮುಟ್ಟುವಷ್ಟಾದರೂ ಅವಧಿ ಕೊಡಬೇಕು.

ಕುಟುಂಬಗಳು ಮಾಡಬಹುದಾದ ಕೆಲಸಗಳೂ ಇವೆ. ಹೊರದೇಶಕ್ಕೆ ಹೋಗುವ ಹಿರಿಯರು ಉಳಿಯುವ ಅವಧಿಗಿಂತ ಹೆಚ್ಚಿನ ದಿನಗಳಿಗೆ ಆಗುವಷ್ಟು ಔಷಧವನ್ನು, ಆಯಾ ದೇಶದ ನಿಯಮ ಒಪ್ಪುವ ಮಟ್ಟಿಗೆ, ಒಯ್ಯಬೇಕು. ಔಷಧದ ಅಂಗಡಿಯ ಹೆಸರಲ್ಲದೆ ಅದರ ಮೂಲ ರಾಸಾಯನಿಕದ ಹೆಸರನ್ನೂ ವೈದ್ಯರಿಂದ ಬರೆಸಿಕೊಂಡರೆ ಯಾವ ದೇಶದಲ್ಲಿಯೂ ಅದನ್ನು ಗುರುತಿಸುವುದು ಸುಲಭ. ಪ್ರವಾಸಿ ವಿಮೆಯನ್ನು ವಿಸ್ತರಿಸಬಹುದೇ ಎಂದು ಹೊರಡುವ ಮುನ್ನವೇ ಕೇಳಿ ತಿಳಿಯಬೇಕು. ಅಲ್ಲಿಯ ಭಾರತೀಯ ರಾಯಭಾರ ಕಚೇರಿಯಲ್ಲಿ ಹೆಸರು ನೋಂದಾಯಿಸಿಕೊಳ್ಳಬೇಕು. ಸಂಕಷ್ಟದಲ್ಲಿರುವವರಿಗಾಗಿ ಆ ಕಚೇರಿಗಳಲ್ಲಿ ಭಾರತೀಯ ಸಮುದಾಯ ಕಲ್ಯಾಣ ನಿಧಿ ಎಂಬುದೊಂದಿದೆ, ಕೇಳಲು ಸಂಕೋಚಪಡಬೇಕಾಗಿಲ್ಲ. ಇಲ್ಲಿರುವವರು ದಿನವೂ ಒಂದು ಹೊತ್ತಿಗೆ ತಪ್ಪದೆ ಮಾತನಾಡಬೇಕು. ನಿದ್ರೆಯಿಲ್ಲ, ಊಟ ಸೇರುತ್ತಿಲ್ಲ, ಯಾರೂ ಬೇಡವಾಗಿದೆ ಎಂದು ಅವರು ಹೇಳಿದರೆ ಅದನ್ನು ಹಗುರವಾಗಿ ತೆಗೆದುಕೊಳ್ಳದೆ ವೈದ್ಯರ ನೆರವು ಕೊಡಿಸಬೇಕು.

ಮತ್ತೊಂದು ಮಾರಿ ಬಂದಾಗ ಆಳುವವರು ಏನು ಮಾಡುತ್ತಾರೋ ಅದು ಪೂರ್ತಿಯಾಗಿ ನಮ್ಮ ಕೈಯಲ್ಲಿಲ್ಲ. ನಮ್ಮ ಓಣಿಗೆ ಮರಳಿದವನ ಮನೆಯ ಮುಂದೆ ಹಾಲು, ಕಾಯಿಪಲ್ಲೆ, ಔಷಧ ಇಟ್ಟು, ದೂರ ನಿಂತು, ಹೇಗಿದ್ದೀಯಪ್ಪ ಎಂದು ಕೇಳುವುದು ಮಾತ್ರ ನಮ್ಮ ಕೈಯಲ್ಲಿಯೇ ಇದೆ. ಅಷ್ಟನ್ನು ಮಾಡಿದ ಊರು ತನ್ನ ಆರೋಗ್ಯವನ್ನೂ ಕಾಯ್ದುಕೊಳ್ಳುತ್ತದೆ, ತನ್ನವರನ್ನೂ ಉಳಿಸಿಕೊಳ್ಳುತ್ತದೆ. ಅಂಗಳದಲ್ಲಿ ತಂಬಿಗೆ ತುಂಬಿರಲಿ, ಬಾಗಿಲು ತೆರೆದಿರಲಿ.